ಹೃದಯದ ಸ್ನಾಯು, ಕಾಲಿನ ಸ್ನಾಯು: ಒಂದೇ ಗ್ರಂಥದ ಎರಡು ಪಾಠಗಳು

ಮಂಗಳೂರಿನ ಕೊಡಿಯಾಲ್‌ಬೈಲ್ ಹೆಸರಿಗೆ ತಕ್ಕಂತೆ ತಗ್ಗಿನ ನೆಲ. ಕೊಂಕಣಿಗರು ಮಂಗಳೂರನ್ನು ಕೊಡಿಯಾಲವೆಂದು ಕರೆಯುತ್ತಾರೆ. ಬೈಲು ಎಂದರೆ ಗುಡ್ಡಗಳ ನಡುವೆ ಬತ್ತ ಬೆಳೆಯುವ ತಗ್ಗು ಪ್ರದೇಶ. ಗದ್ದೆಗಳು ಅಳಿದು ಕಟ್ಟಡಗಳೆದ್ದು ಬಹುಕಾಲವಾಯಿತು. ನೆಲದ ಏರುತಗ್ಗು ಮಾತ್ರ ಹಾಗೆಯೇ ಉಳಿದಿದೆ. ಅಲ್ಲಿಂದ ೧೮೮೦ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿನ ಎತ್ತರಕ್ಕೆ, ಲೈಟ್‌ಹೌಸ್ ಗುಡ್ಡದ ಕಡೆಗೆ, ನಡೆದೇ ಹೋಗುವವನಿಗೆ ಎರಡು ಸಂಗತಿಗಳು ಅನುಭವಕ್ಕೆ ಬರುತ್ತವೆ. ಕೆಲವು ನಿಮಿಷಗಳಲ್ಲಿ ಮೀನಖಂಡ ಬಿಗಿದು ನಿಲ್ಲಬೇಕೆನಿಸುತ್ತದೆ; ಎದೆ ಹೊಡೆದುಕೊಳ್ಳುವುದೂ ಹೆಚ್ಚುತ್ತದೆ. ಮೇಲೆ ತಲಪಿ ಒಂದು ಮರದ ನೆರಳಿನಲ್ಲಿ ಕುಳಿತ ಕೂಡಲೆ ಕಾಲುಗಳಿಗೆ ವಿಶ್ರಾಂತಿ ದೊರೆಯುತ್ತದೆ. ಹೃದಯಕ್ಕೆ ದೊರೆಯುವುದಿಲ್ಲ. ಅದು ತನ್ನ ವೇಗವನ್ನು ತಗ್ಗಿಸಿಕೊಂಡು ಕೆಲಸ ಮುಂದುವರಿಸುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿಯಂತೆ, ತಾಯಿಯ ಗರ್ಭದಲ್ಲಿ ಮೂರು ನಾಲ್ಕು ವಾರಗಳ ಪ್ರಾಯದಲ್ಲಿ ತೊಡಗಿದ ಈ ಮಿಡಿತ ಕೊನೆಯುಸಿರಿನವರೆಗೆ ನಡೆದೇ ಇರುತ್ತದೆ.

ಕಾಲನ್ನು ಎತ್ತುವುದೂ ಸ್ನಾಯು, ರಕ್ತವನ್ನು ನೂಕುವುದೂ ಸ್ನಾಯು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಎರಡರಲ್ಲಿಯೂ ಅಡ್ಡಪಟ್ಟೆಗಳು ಕಾಣುತ್ತವೆ. ಆಕ್ಟಿನ್ ಎಂಬ ಪ್ರೋಟೀನಿನ ತೆಳು ಎಳೆಗಳೂ ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ಎಳೆಗಳೂ ಒಂದರ ನಡುವೆ ಒಂದು ಹೊಂದಿಕೊಂಡಿದ್ದು, ಪರಸ್ಪರ ಜಾರಿದಾಗ ಸ್ನಾಯು ಕುಗ್ಗುತ್ತದೆ. ಈ ಯಂತ್ರರಚನೆ ಎರಡು ಕಡೆಯೂ ಒಂದೇ. ಆದರೆ ಅಷ್ಟಕ್ಕೆ ಸಾಮ್ಯ ಮುಗಿಯುತ್ತದೆ. ಮೂಳೆಗೆ ಅಂಟಿಕೊಂಡಿರುವ ಅಸ್ಥಿಸ್ನಾಯುವಿನ ಒಂದೊಂದು ಎಳೆಯೂ ನೂರಾರು ಜೀವಕೋಶಗಳು ಬೆಸೆದುಕೊಂಡು ಆದ ಉದ್ದನೆಯ ನಾರು. ಅದರೊಳಗೆ ನೂರಾರು ಕೋಶಕೇಂದ್ರಗಳಿರುತ್ತವೆ. ನರದ ಆಜ್ಞೆ ಬಂದಲ್ಲದೆ ಅದು ಅಲುಗದು. ಹೃದಯಸ್ನಾಯುವಿನ ಕೋಶಗಳಾದರೋ ಕಿರಿದಾಗಿ, ಕವಲೊಡೆದು, ಒಂದಕ್ಕೊಂದು ಕೈಹಿಡಿದುಕೊಂಡಂತೆ ಇರುತ್ತವೆ. ಮಿಡಿತದ ಸಂಜ್ಞೆ ಹೃದಯದಲ್ಲಿಯೇ ಹುಟ್ಟಿ ಕೋಶದಿಂದ ಕೋಶಕ್ಕೆ ಹರಿಯುತ್ತದೆ. ನರಗಳು ವೇಗವನ್ನು ಏರಿಸಬಲ್ಲವು, ಇಳಿಸಬಲ್ಲವು. ಮಿಡಿತವನ್ನು ಆರಂಭಿಸಿಕೊಡಬೇಕಾದ ಅಗತ್ಯವಿಲ್ಲ.

ಈ ಎರಡು ಬಗೆಯ ಕೋಶಗಳೂ ಒಂದೇ ಫಲಿತಾಂಡದಿಂದ ಒಡೆದು ಬಂದವುಗಳು. ಮನುಷ್ಯನ ವಂಶವಾಹಿಗಳಲ್ಲಿ ಪ್ರೋಟೀನನ್ನು ನಿರ್ಮಿಸಬಲ್ಲವು ಸುಮಾರು ೨೦,೦೦೦. ಹೃದಯದ ಕೋಶದಲ್ಲಿರುವುದೂ ಅದೇ ೨೦,೦೦೦. ಮೀನಖಂಡದ ನಾರಿನಲ್ಲಿರುವುದೂ ಅದೇ. ಅಷ್ಟೇ ಏಕೆ, ಕಣ್ಣಿನ ಪಾಪೆಯಲ್ಲಿಯೂ ಅದೇ. ಹಾಗಿದ್ದ ಮೇಲೆ ಒಂದು ಹೃದಯವಾಗುವುದಕ್ಕೂ ಇನ್ನೊಂದು ಕಾಲಾಗುವುದಕ್ಕೂ ಕಾರಣವೇನು? ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಜೀವವಿಜ್ಞಾನ ಬಹುವಾಗಿ ಕೆಣಕಿ ನೋಡಿದ ಪ್ರಶ್ನೆಗಳಲ್ಲಿ ಇದೂ ಒಂದು. ಇದಕ್ಕೆ ದೊರೆತ ಉತ್ತರವು ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಭಾರತದ ಜನರಲ್ಲಿ ಇಪ್ಪತ್ತೈದಕ್ಕೆ ಒಬ್ಬರಂತೆ ಹೊತ್ತು ತಿರುಗುವ ಒಂದು ವಂಶವಾಹಿ ವ್ಯತ್ಯಾಸಕ್ಕೂ ಅದಕ್ಕೂ ನೇರವಾದ ನಂಟಿದೆ.

ಒಂದು ಗ್ರಂಥಭಂಡಾರವನ್ನು ಊಹಿಸಿಕೊಳ್ಳಬಹುದು. ತಾಳೆಗರಿಯ ಕಟ್ಟುಗಳು ಸಾವಿರಾರು. ಊರೂರಿನ ಭಂಡಾರಗಳಲ್ಲಿಯೂ ಇರುವುದು ಅದೇ ಕಟ್ಟುಗಳ ಪ್ರತಿಗಳು. ಆದರೆ ಹೆಚ್ಚಿನವು ಹಲಗೆಗಳ ನಡುವೆ ದಾರದಿಂದ ಬಿಗಿದು ಕಟ್ಟಲ್ಪಟ್ಟಿವೆ. ಬಿಚ್ಚಿದ ಕಟ್ಟನ್ನು ಮಾತ್ರ ಓದಲು ಬರುತ್ತದೆ. ಒಂದು ಊರಿನಲ್ಲಿ ವೈದ್ಯದ ಕಟ್ಟು ಬಿಚ್ಚಿದೆ, ಇನ್ನೊಂದರಲ್ಲಿ ಜ್ಯೋತಿಷದ್ದು. ಭಂಡಾರವನ್ನು ಎಣಿಸಿದರೆ ಎರಡು ಊರುಗಳೂ ಸಮ. ಓದುವುದನ್ನು ಕೇಳಿದರೆ ಎರಡೂ ಬೇರೆ. ಕೋಶಕೇಂದ್ರದಲ್ಲಿ ಡಿ.ಎನ್.ಎ.ಯ ದಾರವು ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ ಸುತ್ತಿಕೊಂಡು ಹೀಗೆಯೇ ಬಿಗಿದಿರುತ್ತದೆ. ಯಾವ ವಂಶವಾಹಿ ಬೇಕೋ ಅದರ ಬಳಿ ಸುತ್ತು ಸಡಿಲಗೊಳ್ಳುತ್ತದೆ. ವಂಶವಾಹಿಯ ಹತ್ತಿರದಲ್ಲಿಯೂ ಒಮ್ಮೊಮ್ಮೆ ಬಹುದೂರದಲ್ಲಿಯೂ ಕಿರಿದಾದ ಅಕ್ಷರಪಂಕ್ತಿಗಳಿವೆ. ಇವು ಪ್ರೋಟೀನನ್ನು ನಿರ್ಮಿಸುವುದಿಲ್ಲ. ಗರಿಯ ಅಂಚಿನಲ್ಲಿ ಬರೆದ ಗುರುತಿನಂತೆ ಇರುತ್ತವೆ. ಆ ಗುರುತನ್ನು ಓದಿ ಅಲ್ಲಿ ಬಂದು ಕೂಡುವ ನಿಯಾಮಕ ಪ್ರೋಟೀನುಗಳಿವೆ. ಅವು ಕುಳಿತಾಗ ವಂಶವಾಹಿಯ ಪ್ರತಿಯು ಆರ್.ಎನ್.ಎ. ರೂಪದಲ್ಲಿ ತಯಾರಾಗುತ್ತದೆ.

ಪ್ರತಿ ತೆಗೆಯುವಲ್ಲಿಯೂ ಒಂದು ವಿಶೇಷವಿದೆ. ಮನುಷ್ಯನ ವಂಶವಾಹಿಯಲ್ಲಿ ಅರ್ಥವುಳ್ಳ ತುಣುಕುಗಳ ನಡುವೆ ಅರ್ಥವಿಲ್ಲದ ದೀರ್ಘ ಭಾಗಗಳು ಸೇರಿಕೊಂಡಿರುತ್ತವೆ. ಮೊದಲು ಎಲ್ಲವೂ ಪ್ರತಿಯಾಗುತ್ತದೆ. ಬಳಿಕ ನಡುವಿನ ಭಾಗಗಳನ್ನು ಕತ್ತರಿಸಿ ತೆಗೆದು ಅರ್ಥವುಳ್ಳ ತುಣುಕುಗಳನ್ನು ಜೋಡಿಸಲಾಗುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬ ಗುರುತು ಇರುವುದು ಹೆಚ್ಚಾಗಿ ಆ ಎಸೆಯಲ್ಪಡುವ ಭಾಗಗಳಲ್ಲಿಯೇ. ಎಸೆಯುವುದೆಂದ ಮಾತ್ರಕ್ಕೆ ನಿರುಪಯುಕ್ತವೆಂದು ತಿಳಿಯಲಾಗದು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಮುಂದೆ ಅದು ಬೇಕಾಗುತ್ತದೆ.

ಅಸ್ಥಿಸ್ನಾಯುವಿನ ಕಟ್ಟನ್ನು ಬಿಚ್ಚುವ ಕೈ ಯಾವುದೆಂಬುದು ೧೯೮೭ರಲ್ಲಿ ಗೊತ್ತಾಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿ ಹೆರಾಲ್ಡ್ ವೈನ್‌ಟ್ರಾಬ್, ರಾಬರ್ಟ್ ಡೇವಿಸ್ ಮತ್ತು ಆಂಡ್ರ್ಯೂ ಲಾಸರ್ ಎಂಬವರು ಇಲಿಯ ಸಾಮಾನ್ಯ ಸಂಯೋಜಕ ಊತಕದ ಕೋಶಗಳಲ್ಲಿ ಒಂದೇ ಒಂದು ವಂಶವಾಹಿಯನ್ನು ಚಾಲನೆಗೊಳಿಸಿದರು. ಆ ಕೋಶಗಳು ಸ್ನಾಯುವಿನ ಕೋಶಗಳಾಗಿ ಮಾರ್ಪಟ್ಟವು. ಆ ವಂಶವಾಹಿಗೆ ಮಯೋ-ಡಿ ಎಂದು ಹೆಸರಾಯಿತು. ಒಬ್ಬನೇ ನಿಯಾಮಕನು ಒಂದು ಕೋಶದ ಜಾತಿಯನ್ನೇ ಬದಲಿಸಬಲ್ಲನೆಂಬ ಈ ಸಂಗತಿ ವಿಜ್ಞಾನಿಗಳನ್ನು ಬೆರಗುಗೊಳಿಸಿತು. ಅದುವರೆಗೆ ಕೋಶದ ವೃತ್ತಿ ಒಮ್ಮೆ ನಿಶ್ಚಿತವಾದ ಮೇಲೆ ಬದಲಾಗದೆಂಬ ಭಾವನೆಯೇ ಪ್ರಬಲವಾಗಿತ್ತು.

ಸಹಜವಾಗಿಯೇ ಹೃದಯಕ್ಕೂ ಅಂಥ ಒಬ್ಬ ಯಜಮಾನನಿರಬೇಕೆಂದು ಹುಡುಕಾಟ ನಡೆಯಿತು. ಹಣ್ಣುನೊಣದಲ್ಲಿ ಒಂದು ವಂಶವಾಹಿ ಕೆಟ್ಟಾಗ ಹೃದಯವೇ ಮೂಡುವುದಿಲ್ಲವೆಂಬುದನ್ನು ರಾಲ್ಫ್ ಬೋಡ್ಮರ್ ೧೯೯೩ರಲ್ಲಿ ತೋರಿಸಿದನು. ಅಮೆರಿಕದ ಒಂದು ಮಕ್ಕಳ ಕಥೆಯಲ್ಲಿ ಹೃದಯವಿಲ್ಲವೆಂದು ಕೊರಗುವ ತಗಡಿನ ಮನುಷ್ಯನೊಬ್ಬನಿದ್ದಾನೆ. ಅವನ ಹೆಸರನ್ನೇ ಆ ವಂಶವಾಹಿಗೆ ಇಡಲಾಗಿದೆ. ಮನುಷ್ಯನಲ್ಲಿ ಅದರ ದಾಯಾದಿಯಾದ ವಂಶವಾಹಿ ಕೆಟ್ಟರೆ ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿ ರಂಧ್ರವೂ ಮಿಡಿತದ ಸಂಜ್ಞೆಯ ತಡೆಯೂ ಉಂಟಾಗಬಹುದೆಂಬುದು ೧೯೯೮ರಲ್ಲಿ ಕುಟುಂಬಗಳ ಅಧ್ಯಯನದಿಂದ ತಿಳಿಯಿತು. ಒಂದು ನೊಣದ ಎದೆಗೂ ಮನುಷ್ಯಶಿಶುವಿನ ಎದೆಗೂ ಇಷ್ಟು ಹತ್ತಿರದ ಬಂಧುತ್ವವಿದೆಯೆಂದು ಯಾರು ಎಣಿಸಿದ್ದರು? ಆದರೂ ಹೃದಯಕ್ಕೆ ಏಕೈಕ ಯಜಮಾನನು ದೊರೆಯಲಿಲ್ಲ. ೨೦೧೦ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ ದೀಪಕ್ ಶ್ರೀವಾಸ್ತವ ಅವರ ತಂಡವು ಇಲಿಯ ಸಂಯೋಜಕ ಕೋಶಗಳನ್ನು ಹೃದಯಸ್ನಾಯುವಿನಂಥ ಕೋಶಗಳನ್ನಾಗಿ ತಿರುಗಿಸಿದಾಗ ಮೂರು ನಿಯಾಮಕಗಳನ್ನು ಒಟ್ಟಿಗೆ ಬಳಸಬೇಕಾಯಿತು: ಗಾಟಾ-೪, ಮೆಫ್-೨ಸಿ, ಟಿಬಿಎಕ್ಸ್-೫. ಅವುಗಳಲ್ಲಿ ನಡುವಿನದು ಅಸ್ಥಿಸ್ನಾಯುವಿನಲ್ಲಿಯೂ ಕೆಲಸ ಮಾಡುವಂಥದೇ. ಅಲ್ಲಿ ಮಯೋ-ಡಿಯ ಜೊತೆಗಾರನಾಗಿ, ಇಲ್ಲಿ ಗಾಟಾದ ಜೊತೆಗಾರನಾಗಿ ಅದು ಬೇರೆ ಬೇರೆ ಕಟ್ಟುಗಳನ್ನು ಬಿಚ್ಚುತ್ತದೆ. ಯಾವ ಪ್ರೋಟೀನು ಇದೆ ಎಂಬುದಕ್ಕಿಂತ ಯಾರ ಸಂಗಡ ಇದೆ ಎಂಬುದೇ ಇಲ್ಲಿ ಮುಖ್ಯ.

ಕನ್ನಡ ನಾಡಿನಲ್ಲಿಯೂ ಈ ವಿಷಯದ ಗಂಭೀರ ವ್ಯಾಸಂಗ ನಡೆದಿದೆ. ಅದು ನಡೆದುದು ಬಹುಮಟ್ಟಿಗೆ ನೊಣದ ರೆಕ್ಕೆಯ ಮೂಲಕ. ಹಣ್ಣುನೊಣ ಹಾರುವಾಗ ಸೆಕೆಂಡಿಗೆ ಸುಮಾರು ಇನ್ನೂರು ಬಾರಿ ರೆಕ್ಕೆ ಬಡಿಯುತ್ತದೆ. ಅದರ ಎದೆಯನ್ನು ತುಂಬಿಕೊಂಡಿರುವ ಹಾರಾಟದ ಸ್ನಾಯುಗಳು ಪ್ರಾಣಿಲೋಕದ ಅತಿಚುರುಕಾದ ಸ್ನಾಯುಗಳ ಸಾಲಿಗೆ ಸೇರುತ್ತವೆ. ಮರಿಹುಳುವಿನ ಮೂರು ಹಳೆಯ ಸ್ನಾಯುಗಳು ಗೂಡಿನ ಅವಸ್ಥೆಯಲ್ಲಿ ಉಳಿದ ಸ್ನಾಯುಗಳಂತೆ ನಾಶವಾಗದೆ, ಹೊಸ ಹಾರಾಟದ ಸ್ನಾಯುಗಳಿಗೆ ಅಚ್ಚಿನಂತೆ ಒದಗುತ್ತವೆಂಬುದನ್ನು ೧೯೯೧ರಲ್ಲಿ ಕೆ. ವಿಜಯರಾಘವನ್ ಮತ್ತು ಸಂಗಡಿಗರು ಪ್ರಕಟಿಸಿದರು. ಮುಂದೆ ವಿಜಯರಾಘವನ್ ಅವರ ಪ್ರಯೋಗಶಾಲೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ನೆಲೆಸಿತು. ಅಲ್ಲಿಂದ ೨೦೦೧ರಲ್ಲಿ ಬಂದ ಒಂದು ಪ್ರಬಂಧ ಪ್ರಕೃತ ವಿಷಯಕ್ಕೆ ಬಹಳ ಸಮೀಪವಾದುದು. ರೆಕ್ಕೆಯನ್ನು ಪರೋಕ್ಷವಾಗಿ ಬಡಿಸುವ ದೊಡ್ಡ ಸ್ನಾಯು ಒಂದು ಬಗೆ. ರೆಕ್ಕೆಯ ಓರೆಯನ್ನು ತಿದ್ದುವ ಚಿಕ್ಕ ಸ್ನಾಯು ಇನ್ನೊಂದು ಬಗೆ. ಎರಡಕ್ಕೂ ಮೂಲವಾದ ಎಳೆಯ ಕೋಶಗಳು ರೆಕ್ಕೆಯ ಮೊಳಕೆಯ ಮೇಲೆ ನೆರೆಹೊರೆಯಾಗಿಯೇ ಕುಳಿತಿರುತ್ತವೆ. ವೆಸ್ಟೀಜಿಯಲ್ ಎಂಬ ನಿಯಾಮಕವನ್ನು ಹೆಚ್ಚಾಗಿ ಉಳ್ಳವು ಮೊದಲ ಬಗೆಯಾಗುತ್ತವೆ. ಕಟ್ ಎಂಬುದನ್ನು ಹೆಚ್ಚಾಗಿ ಉಳ್ಳವು ಎರಡನೆಯ ಬಗೆ. ಒಂದು ಇನ್ನೊಂದನ್ನು ಅದುಮುತ್ತದೆ. ಯಾವುದು ಮೇಲಾಗಬೇಕೆಂಬುದರಲ್ಲಿ ಕೆಳಗಿನ ಚರ್ಮದ ಪದರದಿಂದ ಬರುವ ಸಂಜ್ಞೆಯ ಪಾತ್ರ ಹಿರಿದು. ಕೋಶವೊಂದು ತಾನು ಏನಾಗಬೇಕೆಂಬುದನ್ನು ಒಂಟಿಯಾಗಿ ನಿಶ್ಚಯಿಸುವುದಿಲ್ಲ, ನೆರೆಯವರ ಮಾತನ್ನು ಕೇಳಿಯೇ ನಿಶ್ಚಯಿಸುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ನೊಣದ ಸಂಶೋಧನೆಗೆ ಹಣ ವೆಚ್ಚಮಾಡುವುದೇಕೆಂದು ಕೇಳುವವರು ಇಂದಿಗೂ ಇದ್ದಾರೆ. ಮೇಲೆ ಹೇಳಿದ ತಗಡಿನ ಮನುಷ್ಯನ ವೃತ್ತಾಂತವೇ ಅವರಿಗೆ ಸಾಕಾದ ಉತ್ತರ.

ಸ್ನಾಯುವಿಗೆ ಗಾಯವಾದಾಗ ಏನಾಗುತ್ತದೆಂಬುದರಲ್ಲಿ ಹೃದಯ ಮತ್ತು ಕಾಲುಗಳ ಭೇದ ಇನ್ನೂ ಕಠಿನವಾಗಿ ತೋರುತ್ತದೆ. ಅಸ್ಥಿಸ್ನಾಯುವಿನ ನಾರಿಗೆ ಅಂಟಿಕೊಂಡು ನಿದ್ರಿಸುತ್ತಿರುವ ಕಿರುಕೋಶಗಳಿವೆ. ೧೯೬೧ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬವನು ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದನು. ಪೆಟ್ಟಾದಾಗ ಅವು ಎಚ್ಚೆತ್ತು, ವಿಭಜನೆಗೊಂಡು, ಮಯೋ-ಡಿಯನ್ನು ಚಾಲನೆಗೆ ತಂದು ಹೊಸ ನಾರನ್ನು ಕಟ್ಟುತ್ತವೆ. ಈ ನಿದ್ರೆಯೂ ಸುಮ್ಮನೆ ಬಿದ್ದಿರುವುದಲ್ಲ, ಕೆಲವು ವಂಶವಾಹಿಗಳನ್ನು ಎಚ್ಚರದಿಂದ ಕಟ್ಟಿಟ್ಟು ಕಾಪಾಡಿಕೊಂಡ ಒಂದು ಸ್ಥಿತಿ ಎಂಬ ವಿಷಯದಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗಳಲ್ಲಿ ಜ್ಯೋತ್ಸ್ನಾ ಧವನ್ ಅವರು ನಡೆಸಿದ ಕೆಲಸ ಉಲ್ಲೇಖನೀಯ. ವಿಜಯರಾಘವನ್ ತಂಡವು ೨೦೧೭ರಲ್ಲಿ ಹಣ್ಣುನೊಣದ ಪ್ರೌಢ ಸ್ನಾಯುವಿನಲ್ಲಿಯೂ ಇಂಥ ನಿದ್ರಿತ ಕೋಶಗಳಿವೆಯೆಂದು ತೋರಿಸಿತು.

ಹೃದಯಕ್ಕೆ ಈ ಭಾಗ್ಯವಿಲ್ಲ. ೧೯೫೦-೬೦ರ ದಶಕಗಳ ಅಣುಬಾಂಬು ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ಹೆಚ್ಚಿದ ಇಂಗಾಲ-೧೪ ಎಂಬ ವಿಕಿರಣಶೀಲ ಇಂಗಾಲವು ಜನರ ದೇಹದಲ್ಲಿಯೂ ಸೇರಿತ್ತು. ಅದನ್ನೇ ಕಾಲದ ಗುರುತಾಗಿ ಬಳಸಿಕೊಂಡು ಸ್ವೀಡನ್ನಿನ ವಿಜ್ಞಾನಿಗಳು ೨೦೦೯ರಲ್ಲಿ ಹೃದಯಕೋಶಗಳ ವಯಸ್ಸನ್ನು ಅಳೆದರು. ಇಪ್ಪತ್ತೈದರ ಪ್ರಾಯದಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಕೋಶ ಹೊಸದಾಗುತ್ತದೆ. ಎಪ್ಪತ್ತೈದರಲ್ಲಿ ಅದರ ಅರ್ಧಕ್ಕೂ ಕಡಿಮೆ. ಆದುದರಿಂದ ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಸ್ಥಳದಲ್ಲಿ ಗಾಯದ ಕಲೆ ನಿಲ್ಲುತ್ತದೆಯೇ ಹೊರತು ಸ್ನಾಯು ಮರಳುವುದಿಲ್ಲ.

ವಂಶವಾಹಿಗಳ ಈ ಆಯ್ಕೆಯ ಫಲವನ್ನು ಆಸ್ಪತ್ರೆಗಳು ದಿನನಿತ್ಯ ಬಳಸುತ್ತವೆ; ಹಾಗೆಂದು ರೋಗಿಗೆ ತಿಳಿದಿರುವುದಿಲ್ಲ. ಎದೆನೋವೆಂದು ಬಂದವನ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನನ್ನು ಪರೀಕ್ಷಿಸುತ್ತಾರೆ. ಜಪಾನಿನ ಸೆತ್ಸುರೋ ಎಬಾಶಿ ೧೯೬೦ರ ದಶಕದಲ್ಲಿ ಕಂಡುಹಿಡಿದ ಈ ಪ್ರೋಟೀನು ಎರಡು ಬಗೆಯ ಸ್ನಾಯುವಿನಲ್ಲಿಯೂ ಇದೆ. ಆದರೆ ಅದರ ‘ಐ’ ಎಂಬ ಭಾಗಕ್ಕೆ ಮೂರು ಬೇರೆ ಬೇರೆ ವಂಶವಾಹಿಗಳು: ನಿಧಾನವಾದ ಅಸ್ಥಿಸ್ನಾಯುವಿಗೊಂದು, ಚುರುಕಾದುದಕ್ಕೊಂದು, ಹೃದಯಕ್ಕೊಂದು. ಹೃದಯದ ವಂಶವಾಹಿಯನ್ನು ಪ್ರೌಢರ ಕಾಲು ಓದುವುದೇ ಇಲ್ಲ. ಆದುದರಿಂದಲೇ ಹೃದಯದ ಟ್ರೋಪೋನಿನ್ ರಕ್ತದಲ್ಲಿ ಏರಿದರೆ ಕೆಟ್ಟಿರುವುದು ಹೃದಯದ ಕೋಶವೇ, ಗುಡ್ಡ ಹತ್ತಿ ದಣಿದ ಕಾಲಲ್ಲ, ಎಂದು ವೈದ್ಯನು ನಿಶ್ಚಯಿಸಬಲ್ಲನು. ಗರ್ಭಸ್ಥ ಶಿಶುವಿನ ಹೃದಯದಲ್ಲಿ ಹೆಚ್ಚಾಗಿರುವುದು ನಿಧಾನ ಅಸ್ಥಿಸ್ನಾಯುವಿನ ಟ್ರೋಪೋನಿನ್ ಎಂಬುದು ಇನ್ನೊಂದು ಸ್ವಾರಸ್ಯದ ಸಂಗತಿ. ಹುಟ್ಟಿದ ಮೇಲೆ ಆ ಕಟ್ಟನ್ನು ಮಡಿಸಿಟ್ಟು ತನ್ನದೇ ಆದ ಕಟ್ಟನ್ನು ಹೃದಯ ಬಿಚ್ಚಿಕೊಳ್ಳುತ್ತದೆ. ಮುಪ್ಪಿನಲ್ಲಿಯೋ ರಕ್ತದೊತ್ತಡದಿಂದಲೋ ಬಳಲಿದ ಹೃದಯವು ಶೈಶವದ ಕೆಲವು ವಂಶವಾಹಿಗಳನ್ನು ಮತ್ತೆ ಓದತೊಡಗುವುದೂ ಉಂಟು. ಹೃದಯವೈಫಲ್ಯವನ್ನು ತಿಳಿಯಲು ಮಾಡುವ ಬಿ.ಎನ್.ಪಿ. ಎಂಬ ರಕ್ತಪರೀಕ್ಷೆ ಇಂಥ ಒಂದು ಪುನರಾರಂಭವನ್ನು ಅಳೆಯುವಂಥದು.

ಇನ್ನು ಭಾರತೀಯರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಮಯೋಸಿನ್ ಎಳೆಗಳನ್ನು ಹಿಡಿದು ಅವುಗಳ ಎಳೆತವನ್ನು ಹದಗೊಳಿಸುವ ಒಂದು ಪ್ರೋಟೀನಿದೆ. ಮಯೋಸಿನ್-ಬಂಧಕ ಪ್ರೋಟೀನು-ಸಿ ಎಂದು ಅದರ ಹೆಸರು. ಇದಕ್ಕೂ ಮೂರು ವಂಶವಾಹಿಗಳು. ನಿಧಾನ ಅಸ್ಥಿಸ್ನಾಯುವಿಗೆ ಹನ್ನೆರಡನೆಯ ವರ್ಣತಂತುವಿನಲ್ಲಿ ಒಂದು, ಚುರುಕಾದುದಕ್ಕೆ ಹತ್ತೊಂಬತ್ತನೆಯದರಲ್ಲಿ ಒಂದು, ಹೃದಯಕ್ಕೆ ಹನ್ನೊಂದನೆಯದರಲ್ಲಿ ಒಂದು. ಮೂರನೆಯದನ್ನು ಓದುವುದು ಹೃದಯ ಮಾತ್ರ. ಆದುದರಿಂದ ಅದು ಕೆಟ್ಟರೆ ಕೈಕಾಲುಗಳು ಗಟ್ಟಿಯಾಗಿಯೇ ಇರುತ್ತವೆ. ಕಷ್ಟ ಹೃದಯಕ್ಕೆ ಮಾತ್ರ. ಹೃದಯದ ಗೋಡೆ ಅಕಾರಣವಾಗಿ ದಪ್ಪವಾಗುವ ಒಂದು ವಂಶಪಾರಂಪರ್ಯದ ರೋಗವಿದೆ. ಐನೂರು ಜನರಲ್ಲಿ ಒಬ್ಬರಿಗೆ ಅದು ಇರುವುದೆಂದು ಅಂದಾಜು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಂಭವ. ಹಲವರು ಯಾವ ತೊಂದರೆಯೂ ಇಲ್ಲದೆ ಪೂರ್ಣಾಯುಷ್ಯ ಕಳೆಯುತ್ತಾರೆ. ಕೆಲವರಲ್ಲಿ ಏದುಸಿರು, ಮೂರ್ಛೆ. ಅಪರೂಪಕ್ಕೆ ಆಟದ ಬಯಲಿನಲ್ಲಿ ಆರೋಗ್ಯವಂತನಾಗಿ ತೋರುತ್ತಿದ್ದ ತರುಣನ ಆಕಸ್ಮಿಕ ಮರಣ. ಈ ರೋಗಕ್ಕೆ ಕಾರಣವಾಗುವ ವಂಶವಾಹಿಗಳಲ್ಲಿ ಮೇಲೆ ಹೇಳಿದ ಹೃದಯದ ಬಂಧಕ ಪ್ರೋಟೀನಿನದು ಬಹುಮುಖ್ಯವಾದುದು.

೨೦೦೩ರಲ್ಲಿ ಭಾರತೀಯ ಕುಟುಂಬಗಳನ್ನು ಪರೀಕ್ಷಿಸುತ್ತಿದ್ದ ಸಂಶೋಧಕರು ಈ ವಂಶವಾಹಿಯಲ್ಲಿ ೨೫ ಅಕ್ಷರಗಳು ಬಿಟ್ಟುಹೋಗಿರುವುದನ್ನು ಕಂಡರು. ಬಿಟ್ಟುಹೋದ ಅಕ್ಷರಗಳು ಅರ್ಥವುಳ್ಳ ತುಣುಕಿನಲ್ಲಿರಲಿಲ್ಲ. ಕತ್ತರಿಸಿ ಎಸೆಯುವ ಭಾಗದ ಕೊನೆಯಲ್ಲಿದ್ದವು. ಆದರೆ ಮುಂದಿನ ತುಣುಕನ್ನು ಜೋಡಿಸಲು ಬೇಕಾದ ಗುರುತು ಇದ್ದುದು ಅಲ್ಲಿಯೇ. ಗುರುತು ಇಲ್ಲವಾದಾಗ ಲಿಪಿಕಾರನು ಒಂದು ತುಣುಕನ್ನು, ಅಂದರೆ ಮೂವತ್ತಮೂರನೆಯದನ್ನು, ಹಾರಿ ಮುಂದಿನದಕ್ಕೆ ಹೋಗುತ್ತಾನೆ. ಪ್ರೋಟೀನಿನ ಬಾಲದ ಭಾಗವೇ ಬೇರೆಯಾಗಿಬಿಡುತ್ತದೆ. ಅದೇ ವರ್ಷ ಗಮನಕ್ಕೆ ಬಂದ ಇನ್ನೊಂದು ಸಂಗತಿಯೆಂದರೆ ಇದೇ ಲೋಪವು ರೋಗವಿಲ್ಲದವರಲ್ಲಿಯೂ ಇದ್ದುದು.

೨೦೦೯ರಲ್ಲಿ ಹೈದರಾಬಾದಿನ ಕುಮಾರಸ್ವಾಮಿ ತಂಗರಾಜ್, ಪೆರುಂದುರೈ ಧಂಡಪಾಣಿ ಮೊದಲಾದವರು ಸೇರಿ ಪ್ರಕಟಿಸಿದ ಪ್ರಬಂಧವು ಈ ಲೋಪವನ್ನು ಜಗತ್ತಿಗೆ ಪರಿಚಯಿಸಿತು. ೮೦೦ ಹೃದ್ರೋಗಿಗಳನ್ನೂ ೬೯೯ ಆರೋಗ್ಯವಂತರನ್ನೂ ಹೋಲಿಸಿದಾಗ ರೋಗಿಗಳಲ್ಲಿ ಲೋಪವು ಗಣನೀಯವಾಗಿ ಹೆಚ್ಚಿತ್ತು; ಲೋಪವುಳ್ಳವರಿಗೆ ಅಪಾಯವು ಸುಮಾರು ಏಳು ಪಟ್ಟೆಂದು ಲೆಕ್ಕಹಾಕಲಾಯಿತು. ಭಾರತ ಉಪಖಂಡದ ಜನರಲ್ಲಿ ನೂರಕ್ಕೆ ನಾಲ್ವರು ಇದನ್ನು ಹೊತ್ತಿರುವರೆಂದೂ, ಇದು ಸುಮಾರು ೩೩,೦೦೦ ವರ್ಷಗಳ ಹಿಂದೆ ಹುಟ್ಟಿರಬೇಕೆಂದೂ ಅವರು ಅಂದಾಜು ಮಾಡಿದರು. ಅಪಾಯಕರವಾದುದು ಇಷ್ಟು ಕಾಲ ಉಳಿದುದೇಕೆ ಎಂಬ ಪ್ರಶ್ನೆಗೆ ಅವರ ಸಮಾಧಾನವಿತ್ತು: ರೋಗ ತಲೆದೋರುವುದು ನಡುವಯಸ್ಸಿನ ಬಳಿಕ, ಅಷ್ಟರಲ್ಲಿ ಮಕ್ಕಳು ಹುಟ್ಟಿ ಬೆಳೆದಿರುತ್ತಾರೆ, ಪ್ರಕೃತಿಯ ಜರಡಿಗೆ ಅದು ಸಿಕ್ಕುವುದಿಲ್ಲ. ವೃತ್ತಪತ್ರಿಕೆಗಳು ಈ ಸುದ್ದಿಯನ್ನು ದೊಡ್ಡದಾಗಿಯೇ ಹಾಕಿದವು. ಭಾರತೀಯರ ಹೃದಯದಲ್ಲಿ ಹುಟ್ಟಿನಿಂದಲೇ ಶಾಪವಿದೆಯೆಂಬಂತೆ ಮಾತು ಹರಡಿತು.

ಇಲ್ಲಿ ಒಂದು ಸರಳ ಗಣಿತವನ್ನು ಮಾಡಿನೋಡಬಹುದಾಗಿತ್ತು. ನೂರಕ್ಕೆ ನಾಲ್ವರೆಂದರೆ ಇಪ್ಪತ್ತೈದಕ್ಕೆ ಒಬ್ಬರು. ದೇಶದ ನೂರನಲವತ್ತು ಕೋಟಿ ಜನರಲ್ಲಿ ಐದು ಕೋಟಿಗೂ ಮಿಕ್ಕು. ಗೋಡೆ ದಪ್ಪವಾಗುವ ರೋಗವಾದರೋ ಐನೂರಕ್ಕೆ ಒಬ್ಬರಿಗೆ. ಆ ರೋಗಿಗಳೆಲ್ಲರೂ ಈ ಲೋಪವುಳ್ಳವರೇ ಆಗಿದ್ದರೆಂದು ಇಟ್ಟುಕೊಂಡರೂ, ಲೋಪವುಳ್ಳ ಇಪ್ಪತ್ತು ಮಂದಿಯಲ್ಲಿ ಹತ್ತೊಂಬತ್ತು ಮಂದಿಗೆ ಆ ರೋಗವಿಲ್ಲವೆಂದೇ ಆಗುತ್ತದೆ. ಲೋಪವೊಂದೇ ಕಾರಣವಾಗಿದ್ದರೆ ಇಷ್ಟು ಜನ ಪಾರಾಗುವುದು ಹೇಗೆ? ೨೦೦೯ರ ಪ್ರಬಂಧವು ಹೃದಯ ಹಿಗ್ಗುವ ಇನ್ನೊಂದು ರೋಗವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತೆಂಬುದು ನಿಜ. ಆದರೂ ಸಂದೇಹ ಉಳಿಯಿತು.

ಉತ್ತರ ಬರಲು ಒಂದು ದಶಕ ಹಿಡಿಯಿತು. ಅಮೆರಿಕದಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದ ಜನರನ್ನು ಪರೀಕ್ಷಿಸಿ ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು, ಲೋಪವುಳ್ಳವರಲ್ಲಿ ಸುಮಾರು ಹತ್ತನೆಯ ಒಂದು ಪಾಲಿನವರಿಗೆ ಅದೇ ವಂಶವಾಹಿಯಲ್ಲಿ ಇನ್ನೊಂದು ಅಕ್ಷರ ಬದಲಾಗಿರುವುದನ್ನೂ, ಅಂಥವರ ಹೃದಯ ಅಗತ್ಯಕ್ಕಿಂತ ಬಲವಾಗಿ ಕುಗ್ಗುವುದನ್ನೂ ಕಂಡಿತು. ೨೦೨೦ರಲ್ಲಿ ಬ್ರಿಟನ್ನಿನ ಸಂಶೋಧಕರು ಮತ್ತು ಅವರ ಸಹಯೋಗಿಗಳು ಇನ್ನೂ ಮುಂದೆ ಹೋದರು. ೨೫ ಅಕ್ಷರಗಳ ಲೋಪವುಳ್ಳ ರೋಗಿಗಳಲ್ಲಿ ಅನೇಕರಿಗೆ ವಂಶವಾಹಿಯ ಬೇರೊಂದು ಎಸೆಯುವ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಬದಲಾವಣೆಯಿಂದ ಕತ್ತರಿಸುವ ಹುಸಿ ಗುರುತೊಂದು ಅಲ್ಲಿ ಹುಟ್ಟುತ್ತದೆ. ಲಿಪಿಕಾರನು ತಪ್ಪಿದ ಸ್ಥಳದಲ್ಲಿ ಜೋಡಿಸಿ, ಮುಂದಿನ ಪಾಠವೆಲ್ಲ ಅರ್ಥಗೆಡುತ್ತದೆ. ಅಪಾಯ ಇದ್ದುದು ಈ ಎರಡನೆಯದರಲ್ಲಿ. ೨೫ ಅಕ್ಷರಗಳ ಲೋಪ ಮಾತ್ರ ಇದ್ದು ಇದಿಲ್ಲದವರಲ್ಲಿ ಗೋಡೆ ದಪ್ಪವಾಗುವ ರೋಗದ ಅಪಾಯ ಹೆಚ್ಚಿರುವುದು ಕಂಡುಬರಲಿಲ್ಲ. ಸುಲಭವಾಗಿ ಕಣ್ಣಿಗೆ ಬಿದ್ದ ದೊಡ್ಡ ಲೋಪವು, ಅದರ ನೆರಳಿನಲ್ಲಿ ಜೊತೆಯಾಗಿ ಸಾಗಿಬರುತ್ತಿದ್ದ ಸಣ್ಣ ತಪ್ಪಿನ ಅಪವಾದವನ್ನು ಹತ್ತು ವರ್ಷಗಳಿಗೂ ಮಿಕ್ಕು ಹೊತ್ತುಕೊಂಡಿತ್ತು.

ಇದರಿಂದ ೨೦೦೯ರ ಸಂಶೋಧಕರು ಎಡವಿದರೆಂದು ಹಳಿಯುವುದು ನ್ಯಾಯವಲ್ಲ. ಅಂದು ಇಡೀ ವಂಶವಾಹಿಯನ್ನು, ಅದರ ಎಸೆಯುವ ಭಾಗಗಳೂ ಸೇರಿದಂತೆ, ಸಾವಿರಾರು ಜನರಲ್ಲಿ ಓದಿನೋಡುವುದು ಸುಲಭಸಾಧ್ಯವಾಗಿರಲಿಲ್ಲ. ಅವರು ಗುರುತುಮಾಡಿಕೊಟ್ಟ ಸ್ಥಳದಲ್ಲಿಯೇ ಮುಂದಿನವರು ಅಗೆದುದು. ಧಂಡಪಾಣಿ ಅವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ತಮ್ಮದೇ ತಂಡವನ್ನು ಕಟ್ಟಿ ಭಾರತೀಯ ರೋಗಿಗಳ ಹೃದಯಸ್ನಾಯು ರೋಗಗಳ ಇತರ ಕಾರಣಗಳನ್ನು ಅರಸುವುದರಲ್ಲಿ ತೊಡಗಿದರು. ಚಿಕ್ಕಂದಿನಲ್ಲಿಯೇ ಹೃದಯ ಹಿಗ್ಗುವ ರೋಗಕ್ಕೆ ರ್‍ಯಾಫ್-೧ ಎಂಬ ವಂಶವಾಹಿಯ ದೋಷವೂ ಒಂದು ಕಾರಣವೆಂದು ೨೦೧೪ರಲ್ಲಿ ತೋರಿಸಿದ ಪ್ರಬಂಧದಲ್ಲಿ ಅವರ ಹೆಸರೇ ಮೊದಲನೆಯದು. ಆಕ್ಷೇಪಿಸಬೇಕಾದುದು ಬೇರೆಯಿದೆ. ರೋಗಿಗಳ ಸಂಖ್ಯೆಗೆ ಹೋಲಿಸಿದರೆ ಉಪಖಂಡದ ಜನರ ವಂಶವಾಹಿಗಳ ಮಾಹಿತಿ ವಿಶ್ವದ ಸಂಗ್ರಹಗಳಲ್ಲಿ ಬಹುಕಾಲ ಅತ್ಯಲ್ಪವಾಗಿತ್ತು. ಯುರೋಪಿನ ಜನರನ್ನು ಅಳೆದ ಕೋಲಿನಿಂದ ಇತರರನ್ನು ಅಳೆದಾಗ, ಇಲ್ಲಿ ಸಾಮಾನ್ಯವಾದುದು ಅಲ್ಲಿ ವಿಪರೀತವಾಗಿ ಕಾಣುತ್ತದೆ. ಇಲ್ಲಿ ನಿಜಕ್ಕೂ ಅಪಾಯಕರವಾದುದು ಗಮನಕ್ಕೇ ಬಾರದೆ ಹೋಗುತ್ತದೆ.

ಕುಟುಂಬವೊಂದರಲ್ಲಿ ತರುಣನೊಬ್ಬನು ಓಡುತ್ತಿರುವಾಗ ಕುಸಿದು ಬಿದ್ದನೆಂದಿರಲಿ, ಇಲ್ಲವೆ ಒಬ್ಬರ ಹೃದಯದ ಗೋಡೆ ದಪ್ಪವಾಗಿದೆಯೆಂದು ವೈದ್ಯರು ಹೇಳಿದರೆಂದಿರಲಿ. ಆಗ ಒಡಹುಟ್ಟಿದವರೂ ಮಕ್ಕಳೂ ಮೊದಲು ಮಾಡಿಸಿಕೊಳ್ಳಬೇಕಾದುದು ಹೃದಯದ ಇ.ಸಿ.ಜಿ. ಮತ್ತು ಎಕೋ ಪರೀಕ್ಷೆಗಳನ್ನು. ಗೋಡೆಯ ದಪ್ಪವನ್ನು ಎಕೋ ನೇರವಾಗಿ ಅಳೆಯುತ್ತದೆ. ವಂಶವಾಹಿಯ ಪರೀಕ್ಷೆಯಾದರೋ ಸಂಭವವನ್ನು ಮಾತ್ರ ಹೇಳಬಲ್ಲದು. ಒಮ್ಮೆ ಸರಿಯಾಗಿದೆಯೆಂದು ಬಂದರೂ ರೋಗ ತಡವಾಗಿ ತಲೆದೋರಬಹುದಾದುದರಿಂದ ಕೆಲವು ವರ್ಷಗಳ ಅಂತರದಲ್ಲಿ ಪುನಃ ನೋಡಿಸಿಕೊಳ್ಳುವುದು ಕ್ರಮ. ವಂಶವಾಹಿಯ ಪರೀಕ್ಷೆಯನ್ನು ಮೊದಲು ರೋಗಿಗೇ ಮಾಡಿಸಿ, ಅವನಲ್ಲಿ ಖಚಿತವಾದ ದೋಷ ದೊರೆತರೆ ಮಾತ್ರ ಅದೇ ದೋಷವನ್ನು ಬಂಧುಗಳಲ್ಲಿ ಹುಡುಕಬೇಕು. ದೊರೆ ತಪ್ಪಿ ಸೇವಕನನ್ನು ದಂಡಿಸಿದಂತೆ, ಬರಿಯ ೨೫ ಅಕ್ಷರಗಳ ಲೋಪವನ್ನು ಹಿಡಿದುಕೊಂಡು ಮದುವೆಯ ಮಾತನ್ನು ಮುರಿಯುವುದಾಗಲಿ, ಮಗುವನ್ನು ಆಟದಿಂದ ಬಿಡಿಸುವುದಾಗಲಿ, ವಿಮೆಗೆ ಅಡ್ಡಿಯೊಡ್ಡುವುದಾಗಲಿ ಇಂದಿನ ತಿಳಿವಳಿಕೆಗೆ ಹೊಂದುವುದಿಲ್ಲ. ಪರೀಕ್ಷೆಯ ವರದಿಯಲ್ಲಿ ಆ ಲೋಪವೊಂದೇ ನಮೂದಾಗಿದ್ದರೆ, ೨೦೨೦ರಲ್ಲಿ ಗುರುತಾದ ಎರಡನೆಯ ಬದಲಾವಣೆಯನ್ನು ನೋಡಲಾಗಿದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಅವಶ್ಯ. ಅರ್ಥವುಳ್ಳ ತುಣುಕುಗಳನ್ನು ಮಾತ್ರ ಓದುವ ಪರೀಕ್ಷೆಗಳು ಇನ್ನೂ ಬಳಕೆಯಲ್ಲಿವೆ. ಆ ಬದಲಾವಣೆ ಇರುವುದು ಎಸೆಯುವ ಭಾಗದ ಒಳಗೆ, ಮುಂದಿನ ತುಣುಕಿನ ಆರಂಭಕ್ಕಿಂತ ಐವತ್ತೆರಡು ಅಕ್ಷರಗಳಷ್ಟು ಹಿಂದೆ. ಅಂಥ ಪರೀಕ್ಷೆಗಳ ಕಣ್ಣು ಅಲ್ಲಿಯವರೆಗೆ ಹೋಗದೆ ಇರುವುದೂ ಉಂಟು.